ಟ್ರ್ಯಾಕ್ಟರಿನ ಡೈನಮೊ ತಂದವನು

"ಡೈನಮೊ ಕೆಟ್ಟಿದೆ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ, ಅದೇ ಹೇಳ್ತು. ಮೊದಲು ಚೆನ್ನಾಗಿ ಹಾಡ್ತಿತ್ತು. ಈಗ ಅರ್ಧ ಸ್ವರ ಇಳಿದಿದೆ."

ಹೆಸ್ಟರ್ ಪ್ರೀಸ್ ಸ್ಪ್ಯಾನರ್ ಕೆಳಗಿಟ್ಟು ತಲೆಯೆತ್ತಿದಳು. ಬ್ರಿಜ್‌ನಾರ್ತ್ ಊರಿನ ನದಿ ದಂಡೆಯ ಈ ಶೆಡ್ಡಿನಲ್ಲಿ ಅವಳು ಹದಿನೈದು ವರ್ಷದಿಂದ ಹಳೆಯ ಕಾರುಗಳ ಡೈನಮೊ ರಿಪೇರಿ ಮಾಡುತ್ತಿದ್ದಳು. ಬಂದವರೆಲ್ಲ "ಬ್ಯಾಟರಿ ಚಾರ್ಜ್ ಆಗ್ತಿಲ್ಲ" ಎಂದು ಗೊಣಗಿದವರೇ. ಹಾಡಿನ ಮಾತು ತೆಗೆದವನು ಇವನೊಬ್ಬನೇ.

ನಲವತ್ತು ದಾಟಿದ, ಎತ್ತರದ, ತುಸು ಬಾಗಿದ ಮನುಷ್ಯ. ಹೆಸರು ಕ್ಲೆಮೆಂಟ್ ಯಾರ್ವುಡ್. ಸುತ್ತಲಿನ ಊರುಗಳ ಚರ್ಚುಗಳಿಗೆ ಹೋಗಿ ಆರ್ಗನ್ ವಾದ್ಯಗಳಿಗೆ ಶ್ರುತಿ ಕೂಡಿಸುವುದು ಅವನ ಕೆಲಸ. ಅವನ ಹಿಂದೆ ಹಸಿರು ಮೋರಿಸ್ ಮೈನರ್ ಕಾರು ಏಪ್ರಿಲ್ ತಿಂಗಳ ಎಳೆಬಿಸಿಲು ಕಾಯಿಸುತ್ತ ನಿಂತಿತ್ತು.

ಡೈನಮೊ ಕಳಚಿ ಜಿಡ್ಡು ಒರೆಸಿದಾಗ ಲೋಹದಲ್ಲಿ ಒತ್ತಿದ್ದ ಅಂಕಿಗಳು ಕಂಡವು. ಅವಳು ಅವುಗಳ ಮೇಲೆ ಬೆರಳಾಡಿಸಿದಳು.

"ಇದು ಮಾದರಿ, ಇದು ತಿಂಗಳು, ಇದು ವರ್ಷ. ಐವತ್ತೆರಡರ ಮಾರ್ಚ್. ಕಾರಿನ ಜೊತೆಗೇ ಹುಟ್ಟಿದ್ದು. ಆದರೆ ಬೇರಿಂಗ್ ಸವೆದಿದೆ, ಒಳಗಿನ ಸುರುಳಿನೂ ಸುಟ್ಟಿದೆ. ಬದಲಾಯಿಸಬೇಕು."

ಕಪಾಟಿನಿಂದ ಅದೇ ಮಾದರಿಯ ಇನ್ನೊಂದನ್ನು ತೆಗೆದು ಕೂರಿಸಿದಳು. ಬೆಲ್ಟು ಹಾಕಿ, "ಹೆಬ್ಬೆರಳಲ್ಲಿ ಒತ್ತಿ ನೋಡಿ. ಅರ್ಧ ಇಂಚು ಜಗ್ಗಬೇಕು," ಎಂದಳು. ಅವನು ಒತ್ತಿದ. ಪಕ್ಕದಲ್ಲೇ ಅವಳೂ ಒತ್ತಿದಳು. ಅವನ ಬೆರಳಿನಲ್ಲಿ ಒಂದು ಚೂರೂ ಮಸಿಯಿಲ್ಲ, ಅವಳದರಲ್ಲಿ ಮಸಿ ಬಿಟ್ಟು ಬೇರೇನಿಲ್ಲ. ಅವನು ಅವಳತ್ತ ಕಣ್ಣೆತ್ತಿದ, ಇಳಿಸಿದ, ತಡೆಯಲಾರದೆ ಮತ್ತೆ ಎತ್ತಿದ.

"ಮುಗೀತಾ?"

"ಎಲ್ಲಿ ಮುಗೀತು? ಇದಕ್ಕೆ ಹಳೇ ಕಾರಿನ ನೆನಪೇ ಇರತ್ತೆ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಅಂತ ಈ ಕಾರಿನ ಬ್ಯಾಟರಿನೇ ಹೇಳಿಕೊಡಬೇಕು." ಬ್ಯಾಟರಿಯಿಂದ ಎಳೆದ ತಂತಿಯ ತುದಿಯನ್ನು ಅವನ ಕೈಗೆ ಕೊಟ್ಟಳು. "ಇಲ್ಲಿ ಮುಟ್ಟಿಸಿ, ತಕ್ಷಣ ತೆಗೀರಿ."

ಚಟ್ಟೆಂದು ಸಣ್ಣ ಕಿಡಿ ಹಾರಿತು. ಅವನು ಬೆಚ್ಚಿ, ಆಮೇಲೆ ನಾಚಿ ನಕ್ಕ. ಅವಳು ಉಳಿದ ತಂತಿಗಳನ್ನು ಕೂಡಿಸಿ ಎಂಜಿನ್ ಶುರುಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ಎಚ್ಚರಿಕೆಯ ದೀಪ ಆರಿತು, ಚಾರ್ಜ್ ಶುರುವಾಗಿತ್ತು. ಕ್ಲೆಮೆಂಟ್ ಕಣ್ಣು ಮುಚ್ಚಿ ಆ ಸದ್ದನ್ನು ಕೇಳುತ್ತ ನಿಂತ. ಒಬ್ಬ ಗಂಡಸು ಅಷ್ಟು ಮನಸ್ಸಿಟ್ಟು ಏನನ್ನಾದರೂ ಕೇಳಿಸಿಕೊಳ್ಳುವುದನ್ನು ಹೆಸ್ಟರ್ ಕಂಡಿರಲಿಲ್ಲ. ಅವತ್ತಿಡೀ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ಬೆಲ್ಟು ಸಡಿಲವಾಗಿದೆ ಎಂದು ಬಂದ. ಆಗಿರಲಿಲ್ಲ. ಜೂನಿನಲ್ಲಿ ಒಂದು ಬೋಲ್ಟು ಅಲ್ಲಾಡುತ್ತಿದೆ ಎಂದು ಬಂದ. ಅಲ್ಲಾಡುತ್ತಿರಲಿಲ್ಲ. ಪ್ರತಿ ಸಲ ಟೀ ಕುಡಿದ, ಶುಂಠಿ ಬಿಸ್ಕತ್ತು ಅದ್ದಿ ತಿಂದ, ಹೇಳಬೇಕಾದದ್ದನ್ನು ಮಾತ್ರ ಹೇಳದೆ ಹೋದ. ಅವನು ಹೋದ ಮೇಲೆ ಎರಡನೇ ಕಪ್ಪನ್ನು ಅವಳು ಸಂಜೆಯವರೆಗೂ ತೊಳೆಯುತ್ತಿರಲಿಲ್ಲ.

ಜುಲೈನಲ್ಲಿ ಪೇಪರಿನಲ್ಲಿ ಸುತ್ತಿದ ಡೈನಮೊ ಹೊತ್ತು ತಂದ. ಅವತ್ತು ಶೆಡ್ಡಿನಲ್ಲಿ ಹಳೇ ಕಾರು ಕ್ಲಬ್ಬಿನ ಮುದುಕ ಬ್ಯಾಗ್ಲಿ ಗೆಳೆಯನ ಜೊತೆ ಹರಟುತ್ತ ಕೂತಿದ್ದ.

"ಇದೊಂದು ಹೆಚ್ಚಿಗೆ ಇರಲಿ ಅಂತ ತಗೊಂಡೆ. ನನ್ನ ಕಾರಿಗೆ ಆಗತ್ತಾ?"

ಹೆಸ್ಟರ್ ತಿರುಗಿಸಿ ನೋಡಿದಳು. ಫಕ್ಕನೆ ನಕ್ಕಳು. "ಇದು ಟ್ರ್ಯಾಕ್ಟರಿಂದು ಕಣ್ರೀ! ಹಿಂದೆ ನೋಡಿ, ಎಂಜಿನ್ ಎಷ್ಟು ಸುತ್ತು ತಿರುಗ್ತು ಅಂತ ತೋರಿಸೋ ಮೀಟರಿನ ಕೊಂಡಿ. ನಿಮ್ಮ ಮೋರಿಸ್ ಏನು ಹೊಲ ಉಳೋಕೆ ಹೊರಟಿದೆಯಾ?"

ಬ್ಯಾಗ್ಲಿ ತೊಡೆ ತಟ್ಟಿಕೊಂಡ. "ನೆಪ ಕೊಳ್ಳೋಕೆ ಸಂತೆಗೆ ಹೋದ್ರೆ, ನೋಡಿ ತರಬೇಕಪ್ಪ!"

"ನೆಪ ಅಲ್ಲ, ನಾನು ಯಾಕೆ ನೆಪ..." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕ್ಲೆಮೆಂಟನ ಕಿವಿ ಕೆಂಪಾದವು. ಹೆಸ್ಟರ್ ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಮುಂದಿನ ಸಲ ವಿಮಾನದ್ದು ತನ್ನಿ!" ಎಂದಳು.

ಅವನು ಡೈನಮೊವನ್ನು ಮತ್ತೆ ಪೇಪರಿನಲ್ಲಿ ನೀಟಾಗಿ ಸುತ್ತಿ, ಎಲ್ಲರಿಗೂ ತಲೆಬಾಗಿ, ಹೊರಟುಹೋದ.

ಎರಡು ವಾರ ಪತ್ತೆಯಿಲ್ಲ. ಮೂರನೆಯ ಶನಿವಾರ ಬ್ಯಾಗ್ಲಿ ಒಬ್ಬನೇ ಬಂದ. ಈ ಸಲ ಕೂರಲಿಲ್ಲ.

"ಏ ಹುಡ್ಗಿ, ನಿನ್ನ ಆರ್ಗನ್ನಿನವನು ನಾಡಿದ್ದು ಸೋಮವಾರ ದೂರದ ಲಿಂಕನ್ ಊರಿಗೆ ಹೊರಡ್ತಾನೆ. ಅಲ್ಲೇ ಕೆಲಸವಂತೆ. ಮತ್ತೆ ಬರಲ್ಲ. ಇವತ್ತು ಗುಡ್ಡದ ಚರ್ಚಲ್ಲಿ ಇಲ್ಲಿನ ಕೊನೇ ಕೆಲಸ."

"ನಿಮಗೆ ಯಾರು ಹೇಳಿದ್ರು?"

"ನನ್ನ ತಂಗಿ ಮನೇಲಿ ತಾನೇ ಅವನು ಬಾಡಿಗೆಗಿರೋದು. ಅವತ್ತು ಹೋಗ್ಲಾ, ಇರ್ಲಾ ಅಂತ ನಿನ್ನನ್ನ ಕೇಳೋಕೆ ಬಂದಿದ್ದನಂತೆ. ನಾವು ಮೂರು ಜನ ಸೇರಿ ನಕ್ಕು ಕಳಿಸಿದ್ವಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಸ್ಟರ್ ಕೋಟು ಹಾಕಿಕೊಂಡು, ನೆಪಕ್ಕಿರಲಿ ಎಂದು ಕಪಾಟಿನ ಒಂದು ಡೈನಮೊ ಎತ್ತಿಕೊಂಡಳು. ಬಾಗಿಲ ತನಕ ಹೋದವಳು ವಾಪಸು ಬಂದು ಅದನ್ನು ಅಲ್ಲೇ ಇಟ್ಟಳು.

ಗುಡ್ಡದ ಮೇಲಿನ ಚರ್ಚಿನ ಮುಂದೆ ಹಸಿರು ಕಾರು ನಿಂತಿತ್ತು. ಒಳಗೆ ಬಣ್ಣದ ಗಾಜಿನಿಂದ ಬಿಸಿಲು ನೀಲಿಯಾಗಿ, ಕೆಂಪಾಗಿ ಇಳಿದು ನೆಲದ ಮೇಲೆ ಮಲಗಿತ್ತು. ಆರ್ಗನ್ನಿನ ಮುಂದಿನ ಪೀಠ ಖಾಲಿ. ಶ್ರುತಿ ನೋಡಲು ಅಲ್ಲಿ ಕೂತು ಸ್ವರದ ಕೀಲಿಗಳನ್ನು ಒತ್ತಿ ಕೊಡುತ್ತಿದ್ದ ಚರ್ಚಿನ ಕಾವಲುಗಾರ ಟೀಗೆ ಹೋಗಿರಬೇಕು.

ಆರ್ಗನ್ನಿನ ಸ್ವರ ಹೊರಡಿಸುವ ಎತ್ತರದ ಕೊಳವೆಗಳ ಹಿಂದಿನಿಂದ ಕ್ಲೆಮೆಂಟನ ದನಿ ಬಂತು. "ಬಂದ್ರಾ? ಮುಂದಿನದು ಒತ್ತಿ."

ಅವಳು ಕೂತು ಒತ್ತಿದಳು. ಎರಡು ಕೊಳವೆಗಳು ಒಂದಕ್ಕೊಂದು ಒಗ್ಗದೆ ನಡುಗಿದವು. ಒಳಗೆ ಅವನು ಏನೋ ಮೆಲ್ಲಗೆ ತಟ್ಟಿದ. ನಡುಕ ನಿಧಾನವಾಗುತ್ತ ಆಗುತ್ತ ನಿಂತು, ಎರಡೂ ಒಂದೇ ಸ್ವರವಾಗಿ ಚರ್ಚಿನ ತುಂಬ ಹರಡಿದವು. ಹೆಸ್ಟರ್‌ಗೆ ಇವನು ಇಲ್ಲದ ಊರಿನಲ್ಲಿ ತಾನು ಇರಲಾರೆ ಎಂದು ಅನ್ನಿಸಿತು.

"ಮುಂದಿನದು."

ಅವಳು ಒತ್ತಲಿಲ್ಲ. "ಕ್ಲೆಮೆಂಟ್. ನಾನು."

ಒಳಗೆ ಏನೋ ಠಣ್ಣೆಂದು ಬಿತ್ತು. "ಶೆಡ್ಡಲ್ಲಿ ಏನಾದ್ರೂ ಮರೆತು ಬಂದಿದ್ನಾ?" ಎಂದ.

"ಇಲ್ಲ. ಏನೂ ತಂದಿಲ್ಲ. ಬರಿಗೈಲಿ ಬಂದಿದೀನಿ." ಅವನ ಮುಖ ಕಾಣದ್ದರಿಂದ ಮಾತು ಸಲೀಸಾಯಿತು. "ಅದು ಟ್ರ್ಯಾಕ್ಟರಿಂದು ಅಂತ ಗೊತ್ತಾದಾಗ, ನನ್ನನ್ನ ನೋಡೋಕೇ ಬಂದಿದೀಯ ಅಂತ ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬಚ್ಚಿಡೋಕಾಗದೆ ನಕ್ಕುಬಿಟ್ಟೆ. ತಪ್ಪಾಯ್ತು. ಲಿಂಕನ್‌ಗೆ ಹೋಗಬೇಡ."

"ನನಗೆ ಗೊತ್ತಿತ್ತು."

"ಏನು?"

"ಅದು ಟ್ರ್ಯಾಕ್ಟರಿಂದು ಅಂತ. ಮಾರಿದವನೇ ಹೇಳಿದ್ದ. ಸರಿಯಾದ್ದು ತಂದ್ರೆ ನೀನು ಎರಡು ನಿಮಿಷದಲ್ಲಿ ನೋಡಿ ಕಳಿಸ್ತಿದ್ದೆ. ತಪ್ಪಾದ್ದು ತಂದ್ರೆ, ಸರಿಯಾದ್ದು ಸಿಗೋವರೆಗೂ ಬರ್ತಾ ಇರಬಹುದಲ್ಲ."

ಅವನು ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬಂದ. ತಲೆ ತುಂಬ ಜೇಡರ ಬಲೆ. ಅವಳ ಕೈ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಇನ್ನೂ ಹದಿನೆಂಟು ಸ್ವರ ಬಾಕಿ ಇವೆ," ಎಂದ. "ಮುಗಿಸಿ ಲಿಂಕನ್‌ಗೆ ಫೋನ್ ಮಾಡ್ತೀನಿ, ಬರಲ್ಲ ಅಂತ."

"ಮೊದಲು ಫೋನ್. ಆಮೇಲೆ ಸ್ವರ."

ಪಾದ್ರಿಯ ಮನೆಯಲ್ಲಿ ಫೋನಿತ್ತು. ತೆರೆದ ಬಾಗಿಲಿನಿಂದ ಹೆಸ್ಟರ್ ನೋಡಿದಳು. ತಲೆಯ ಬಲೆಯನ್ನೂ ಕೊಡವದೆ, ಸಮಾಧಿ ಕಲ್ಲುಗಳ ನಡುವೆ, ಹುಲ್ಲು ಹಾರಿಸುತ್ತ ಕ್ಲೆಮೆಂಟ್ ಓಡುತ್ತಿದ್ದ. ಆ ವಯಸ್ಸಿನ ಗಂಡಸು ಹಾಗೆ ಓಡಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.