ಕೊಳದಲ್ಲಿ ಈಜುವವಳು

೧೯೨೪ರ ಪ್ಯಾರಿಸ್. ಒಲಿಂಪಿಕ್ಸ್‌ನ ಚಿತ್ರಕಲಾ ಸ್ಪರ್ಧೆಗೆಂದು ನನ್ನ ಗಂಡ ಗಾಸ್ಪಾರ್ ಈಜುಗಾರ್ತಿಯೊಬ್ಬಳ ಚಿತ್ರ ಬರೆಯುತ್ತಿದ್ದರು.

"ರೀ, ಯಾರನ್ನ ಕೂರಿಸ್ಕೊಂಡು ಬರೀತಿದೀರಿ?"

"ಯಾರೂ ಇಲ್ಲ ಕಣೆ. ಎಲ್ಲಾ ಮನಸ್ಸಿಂದಲೇ."

ನಾನು ನಂಬಲಿಲ್ಲ. ಮಹಡಿಯ ಮೇಲಿನ ಅವರ ಚಿತ್ರಶಾಲೆಯಲ್ಲಿ ರೂಪದರ್ಶಿ ನಿಲ್ಲುವ ಹಲಗೆ ದಿನವೂ ಒದ್ದೆಯಾಗಿರುತ್ತಿತ್ತು. ಬಾಗಿಲು ಕಾಯುವ ಓಡಿಲ್ ನಕ್ಕಳು: "ಮೆಟ್ಟಿಲು ಹತ್ತೋರು ನೀವೊಬ್ಬರೇ ಮದಾಮ್. ಚಿತ್ರದ ಹೆಂಗಸಿನ ಮೇಲೂ ಹೊಟ್ಟೆಕಿಚ್ಚಾ?"

ಚಿತ್ರವನ್ನು ಸ್ಪರ್ಧೆಗೆ ಕಳಿಸುವ ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ ಆ ಈಜುಗಾರ್ತಿಯ ಮುಖವನ್ನು ನಾನೇ ದಿಟ್ಟಿಸಿ ನೋಡಿದೆ. ವಾರದ ನಂತರ ತೀರ್ಪುಗಾರರ ಪತ್ರ ಬಂತು: "ಸ್ಪರ್ಧೆಗೆ ಕ್ರೀಡೆಯ ಚಿತ್ರವೇ ಆಗಬೇಕು. ನೀವು ಕಳಿಸಿರುವುದು ಬರಿಯ ಕೊಳ. ಈಜುವವರು ಯಾರೂ ಇಲ್ಲ. ತಿರಸ್ಕರಿಸಲಾಗಿದೆ."

ಗಾಸ್ಪಾರ್ ಓದಿ ಬೇಸರಪಡಲಿಲ್ಲ. ಎಂದೂ ಊಟದ ಮೇಜು ಅಣಿಮಾಡದ ಮನುಷ್ಯ ಅಂದು ಸಂಜೆ, ನಾವಿಬ್ಬರೇ ಇರುವ ಮನೆಯಲ್ಲಿ, ತಾವೇ ಮೂರು ತಟ್ಟೆ ಇಟ್ಟರು.