ತಿಕ್ಕಿ ತೊಳೆದು ಕಳಿಸಿದ ಡಬ್ಬಿ

“ಜಗ್ಗಬ್ಯಾಡ್ರಿ... ಕೈ ಬಿಡ್ರಿ ಮೊದ್ಲ!”

ಡಾಕ್ಟರು ನರ್ಗೀಸಳ ಮುಂಗೈ ಹಿಡಿದೇಬಿಟ್ಟರು. ಅವಳು ಬೆಚ್ಚಿಬಿದ್ದಳು. ಮೇಜಿನ ಮೇಲೆ ಕೂತ ಬಿಳಿ ಮೊಲಕ್ಕಿಂತ ಅವಳ ಎದೆಯೇ ಜೋರಾಗಿ ಬಡಿದುಕೊಂಡಿತು.

ಮೊಲ ಮನೆಗೆ ಬಂದು ನಾಲ್ಕೇ ದಿನ. ಒಮ್ಮೆ ತೋರಿಸಿ ಬರೋಣವೆಂದು ಬುಟ್ಟಿಯಲ್ಲಿಟ್ಟುಕೊಂಡು ಇಳಕಲ್ಲಿನ ದನದ ದವಾಖಾನೆಗೆ ಬಂದಿದ್ದಳು. ಹಲ್ಲು, ಕಿವಿ, ಉಗುರು ನೋಡಿ ಡಾಕ್ಟರು ಬಾಲ ಎತ್ತಿದರೆ, ಅಲ್ಲೊಂದು ಕೆಂಪು ರೇಷ್ಮೆದಾರ ಜೋತಾಡುತ್ತಿತ್ತು. ಸೆರಗಿಗೆಂದು ಮಗ್ಗದ ಬಳಿ ಇಟ್ಟಿದ್ದ ರೇಷ್ಮೆ, ಮೊಲ ಯಾವಾಗಲೋ ನುಂಗಿಬಿಟ್ಟಿತ್ತು... ನೇಕಾರರ ಮಗಳ ಕೈ ಸಡಿಲ ದಾರ ಕಂಡರೆ ಸುಮ್ಮನಿದ್ದೀತೇ? ಬೆರಳು ತಾನಾಗಿಯೇ ಹೋಗಿ ಹಿಡಿದಿತ್ತು.

“ಜಗ್ಗಿದ್ರ ಒಳಗ ಕರುಳು ಕೊಯ್ತೈತ್ರಿ.”

‘ಯಾ ಅಲ್ಲಾ... ನನ್ನ ಕೈಯಿಂದಲೇ ಇದರ ಜೀವ ಹೋಗುತ್ತಿತ್ತಲ್ಲ.’ ಅವಳ ಕಣ್ಣು ತುಂಬಿತು.

ಡಾಕ್ಟರು ಹೊರಗೆ ಕಾಣುವಷ್ಟು ದಾರ ಕತ್ತರಿಸಿ, ಹೊಟ್ಟೆ ಮುಟ್ಟಿ ನೋಡಿದರು. “ಹೊಟ್ಟಿ ಮೆತ್ತಗೈತಿ. ಉಳಿದದ್ದು ತಾನ ಬೀಳ್ಬೇಕು. ಎರಡು ತಾಸು ಇಲ್ಲೇ ಕೂಡ್ರಿ.”

ಬಾಗಿಲಲ್ಲಿ ಎಮ್ಮೆ ಹಿಡಿದು ನಿಂತಿದ್ದ ಹೊಳಬಸಪ್ಪ ಗೊಣಗಿದ: “ನನ್ನ ಎಮ್ಮಿಗೂ ಒಂದು ಬಾಲ ಐತ್ರಿ ಸಾಹೇಬ್ರ. ಮುಂಜಾನಿಂದ ನಿಂತೈತಿ.”

“ಬಂದೆ ಕಾಕಾ.”

ಎಮ್ಮೆಗೆ ಸೂಜಿ ಹಾಕಿ ಬಂದ ಡಾಕ್ಟರು ಚೀಟಿ ತೆಗೆದುಕೊಂಡರು. “ಹೆಸರು?”

“ನರ್ಗೀಸ.”

“ತಂದಿ ಹೆಸರು?”

“ಅಮೀನಸಾಬ. ಮಗ್ಗದ ಅಮೀನಸಾಬ ಅಂದ್ರ ಎಲ್ಲಾರಿಗೂ ಗೊತ್ತು.”

ಪೆನ್ನು ನಿಂತಿತು. ಡಾಕ್ಟರ ಮುಖ ಬಿಳಿಚಿಕೊಂಡಿತು.

“ಹೋದ ವರ್ಷ... ಬಾದಾಮಿಯಿಂದ ಅಬೇದಾ ಅಂತ ಒಬ್ಬಾಕಿ ನಿಮ್ಮನ್ನ ನೋಡಾಕ ಬಂದಿದ್ಲಲ್ರಿ? ಆಕಿ ನಮ್ಮ ಅಮ್ಮಿ. ನಾ ಜಹೀರ.”

ನರ್ಗೀಸ ಬೆಂಚಿನ ಅಂಚು ಹಿಡಿದುಕೊಂಡಳು. ಅಂದು ಬಂದವರು ಹೆಂಗಸರಷ್ಟೇ. ಮೊದಲು ಅವರೇ ನೋಡಿ ಹೋಗುವುದು ರೂಢಿ. ಹುಡುಗ, ಹುಡುಗಿ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಆದರೂ ಕಾಣದವನೊಬ್ಬ ತನ್ನನ್ನು ಬೇಡವೆಂದ ನೋವು ವರ್ಷವಿಡೀ ಅವಳೊಳಗೆ ಕೂತಿತ್ತು.

“ಬ್ಯಾಡ ಅಂದವ್ರು ನೀವ ಏನ್ರಿ ಹಂಗಾದ್ರ?”

“ನಾವು? ಖಾಲಿ ಡಬ್ಬಿ ಕಳಿಸಿದವ್ರು ನೀವು.”

“ಯಾವ ಡಬ್ಬಿ?”

“ಸಕ್ಕರಿ ಡಬ್ಬಿ. ಹುಡುಗಿ ಮನಸ್ಸಿಗೆ ಬಂದ್ರ ನಮ್ಮ ಮನಿ ಹೆಣ್ಮಕ್ಕಳು ಸಕ್ಕರಿ ಡಬ್ಬಿ ಬಿಟ್ಟು ಬರ್ತಾರ. ನಿಮಗೂ ಒಪ್ಪಿಗಿ ಇದ್ರ ಅದರಾಗ ಸಿಹಿ ತುಂಬಿ ಕಳಸಬೇಕು. ಖಾಲಿ ಬಂದ್ರ ಮುಗೀತು, ಯಾರೂ ಮತ್ತ ಕೇಳೂದಿಲ್ಲ.”

ನರ್ಗೀಸಳ ಮನೆಯಲ್ಲಿ ಈ ರೂಢಿ ಯಾರಿಗೂ ಗೊತ್ತಿರಲಿಲ್ಲ. ದೇವರು ಕೊಡುವಾಗ ಸದ್ದು ಮಾಡುವುದಿಲ್ಲ. ಮನುಷ್ಯರೇ ಕೈತಪ್ಪಿ ಚೆಲ್ಲಿಕೊಳ್ಳುತ್ತಾರೆ.

“ಹದಿನೈದು ದಿನ ಸುದ್ದಿ ಕಾದೆ,” ಎಂದಳು. “ಖಾಲಿ ಕಳಸಬ್ಯಾಡ, ನಾಕು ಉಂಡಿ ಹಾಕು ಅಂದ್ಲು ನಮ್ಮ ಅಮ್ಮಿ. ನನಗ ಸಿಟ್ಟು. ಡಬ್ಬಿ ತಿಕ್ಕಿ ತೊಳದು ಬಾದಾಮಿಗೆ ಹೊಂಟ ಬಾಜೂ ಮನಿ ಸಾಜಿಯಾನ ಕೈಯಾಗ ಕೊಟ್ಟಾಕಿ ನಾನ...”

ಜಹೀರ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟ.

“ಚಹಾ ತರೂವಾಗ ಕಾಲಾಗ ಕೋಳಿಮರಿ ಬಂತಂತಲ್ರಿ? ತಾಟು ಕೆಳಗಿಟ್ಟು, ಮರಿ ಎತ್ತಿ ಅದರ ತಾಯಿ ಹತ್ರ ಬಿಟ್ಟು, ಆಮ್ಯಾಲ ಚಹಾ ಕೊಟ್ರಂತ. ಅಮ್ಮಿ ಬಂದು ಹೇಳಿದ್ದು ಅದೊಂದ. ಆಮ್ಯಾಲ ಮೂರು ಕಡೆ ನೋಡಿದ್ರು. ನಾ ಬ್ಯಾಡ ಅಂದೆ.”

ತಾನು ಮರೆತೇಬಿಟ್ಟಿದ್ದ ಆ ಗಳಿಗೆಯನ್ನು ಒಬ್ಬ ವರ್ಷಪೂರ್ತಿ ಕಾಪಾಡಿಕೊಂಡಿದ್ದನೇ...

ಬುಟ್ಟಿಯಲ್ಲಿ ಸದ್ದಾಯಿತು. ಜಹೀರ ಬಗ್ಗಿ ನೋಡಿದ. ನಾಲ್ಕೈದು ಹಿಕ್ಕೆ, ಅದರಲ್ಲಿ ಸುತ್ತಿಕೊಂಡ ಕೆಂಪು ದಾರ. ಮೊಲ ಆಗಲೇ ಹುಲ್ಲು ಮೆಲ್ಲುತ್ತಿತ್ತು.

“ಉಳೀತು,” ಎಂದ.

ಅವಳು ಮುಖ ಮುಚ್ಚಿಕೊಂಡು ಅತ್ತಳು.

“ನರ್ಗೀಸ... ಅಮ್ಮಿನ ಮತ್ತ ಕಳಸ್ಲಿ?”

“ಬ್ಯಾಡ್ರಿ.”

ಅವನ ಮುಖ ಬಾಡಿತು.

“ಈ ಸಲ ನೀವ ಬರ್ರಿ. ಅಬ್ಬಾನ ಮುಂದ ಕುಂತು, ಬಾಯಿ ಬಿಟ್ಟು ಕೇಳ್ರಿ.”

“ಅವರು ನಿಮ್ಮನ್ನ ಕೇಳಿದ್ರ?”

“ನಾನೂ ಬಾಯಿ ಬಿಟ್ಟು ಹೇಳ್ತೇನಿ.”