ಕಾವುಪೆಟ್ಟಿಗೆಯ ಕೊನೆಯ ಮೊಟ್ಟೆ

ಕಾವುಪೆಟ್ಟಿಗೆಯ ಗಾಜಿನ ಮುಚ್ಚಳ ಹಾಕಿದಂತೆಯೇ ಇತ್ತು. ಒಳಗಿದ್ದ ಮೊಟ್ಟೆ ಮಾತ್ರ ಮಾಯ.

ವಿಜ್ಞಾನ ಮೇಳಕ್ಕೆ ಟಿಕೆಟ್ ಇಲ್ಲ. ಹಾಗಾಗಿ ಊರಿಗೆ ಊರೇ ಬಂದಿತ್ತು. ಉಳಿದ ಮೊಟ್ಟೆಗಳೆಲ್ಲ ನಿನ್ನೆಯೇ ಒಡೆದು ಮರಿಗಳಾಗಿದ್ದವು. ಈ ಕೊನೆಯದರಲ್ಲಿ ಬೆಳಿಗ್ಗೆಯಷ್ಟೇ ಸಣ್ಣ ಬಿರುಕು ಕಂಡಿತ್ತು.

"ಮಕ್ಕಳನ್ನೆಲ್ಲ ಉಪನ್ಯಾಸಕ್ಕೆ ಕಳಿಸಿ ಟೀ ಕುಡಿದು ಬರೋಷ್ಟರಲ್ಲಿ ಹೋಯ್ತು ಮೇಡಂ." ಮಳಿಗೆ ನೋಡಿಕೊಳ್ಳುತ್ತಿದ್ದ ಜೀವಶಾಸ್ತ್ರದ ಮೇಷ್ಟ್ರು ಖಾಲಿ ಪೆಟ್ಟಿಗೆ ತೋರಿಸಿದರು. "ಕಾವು ತಪ್ಪಿದ್ರೆ ಮರಿ ಉಳಿಯಲ್ಲ."

ಬಂದೋಬಸ್ತಿಗೆ ಬಂದಿದ್ದ ಮಹಿಳಾ ಇನ್ಸ್‌ಪೆಕ್ಟರ್ ನಗಲಿಲ್ಲ. ಕೊಲೆ ಕೇಸಿನಷ್ಟೇ ಗಂಭೀರವಾಗಿ ಟೋಪಿ ತೆಗೆದಿಟ್ಟು ಪೆಟ್ಟಿಗೆಯತ್ತ ಬಗ್ಗಿದರು.

*

ಕ್ಯಾಂಟೀನಿನ ಅಡುಗೆಯವನು ಉರಿದುಬಿದ್ದ. "ಮೊಟ್ಟೆ ಕಳುವಾದ್ರೆ ಅಡುಗೆಯವನೇ ಕಳ್ಳನಾ? ಮರಿ ಇರೋ ಮೊಟ್ಟೆ ತಗೊಂಡು ನಾನೇನ್ಮಾಡ್ಲಿ?"

ಅದೂ ನಿಜ. ಕಾಂಪೌಂಡಿನ ಬೆಕ್ಕಿನ ಮೇಲೂ ಅನುಮಾನ ಹೋಯಿತು. ಆದರೆ ಯಾವ ಬೆಕ್ಕು ಮುಚ್ಚಳ ಹಾಕಿ ಹೋಗುತ್ತದೆ?

ಇನ್ಸ್‌ಪೆಕ್ಟರ್ ಪೆಟ್ಟಿಗೆಯೊಳಗೆ ಕೈಯಿಟ್ಟರು. ತಣ್ಣಗಿತ್ತು. ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಬೇರೊಂದು ವೈರು. ಅದರ ಜಾಡು ಹಿಡಿದು ಹೊರಟರು. ವೈರು ಪರದೆಯ ಕೆಳಗೆ ನುಸುಳಿ ಪಕ್ಕದ ಸಭಾಂಗಣದ ಪ್ರೊಜೆಕ್ಟರಿಗೆ ಹೋಗಿ ಸೇರಿತ್ತು.

*

ಮಿಂಚಿನ ಕುರಿತ ಉಪನ್ಯಾಸ ಆಗಷ್ಟೇ ಮುಗಿದಿತ್ತು. ಮಾತಾಡಿದ ಯುವ ವಿಜ್ಞಾನಿಯ ಮುಖ ಬಾಡಿತ್ತು.

"ನನ್ನ ಮೊದಲ ಭಾಷಣ ಮೇಡಂ. ಪ್ರೊಜೆಕ್ಟರ್ ಕೈಕೊಟ್ಟಿತ್ತು, ಹೇಗೋ ಹತ್ತಿಕೊಳ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಮ್ಮಮ್ಮ ಒಬ್ಬರನ್ನ ಬಿಟ್ಟು."

ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಂಥ ಸೆಕೆಯಲ್ಲೂ ಕತ್ತಿನವರೆಗೆ ಶಾಲು.

ಇನ್ಸ್‌ಪೆಕ್ಟರ್ ಅವರೆದುರು ಮೊಣಕಾಲೂರಿದರು. "ಅಮ್ಮಾ, ಬೆಚ್ಚಗಿದೆಯಾ ಅದು?"

ಶಾಲು ಮೆಲ್ಲಗೆ ಸರಿಯಿತು. ಎರಡು ಬೊಗಸೆಗೈಗಳ ನಡುವೆ ಮೊಟ್ಟೆ.

"ಇಲ್ಲಿ ಕರೆಂಟ್ ಬರ್ದೆ ಯಂತ್ರ ಹತ್ತಲ್ಲ ಅಂತ ಮಗಳು ಒದ್ದಾಡ್ತಿದ್ಲು," ಆಕೆ ಬಿಕ್ಕಿದರು. "ಸಿಕ್ಕಿದ ಪ್ಲಗ್ ಕಿತ್ತು ಅವಳ ವೈರು ಸಿಗಿಸಿದೆ. ಆಮೇಲೆ ನೋಡ್ತೀನಿ, ಈ ಮೊಟ್ಟೆ! ಪ್ಲಗ್ ವಾಪಸ್ ಹಾಕಿದ್ರೆ ಅವಳ ಕಾರ್ಯಕ್ರಮ ನಿಲ್ಲುತ್ತೆ. ಹಾಕದಿದ್ರೆ ಇದರ ಜೀವ ಹೋಗುತ್ತೆ. ಹೇಳೋಣ ಅಂದ್ರೆ ಮೇಷ್ಟ್ರೂ ಕಾಣ್ಲಿಲ್ಲ."

ಹಿಂದೆಯೇ ಬಂದಿದ್ದ ಮೇಷ್ಟ್ರು ಬೆರಗಾದರು. "ನಿಮಗೆ ಹೇಗೆ ಹೊಳೀತು ಮೇಡಂ?"

"ಮೊಟ್ಟೆ ಕದಿಯೋನಿಗೆ ಪ್ಲಗ್ ಕೀಳೋ ಕೆಲಸ ಯಾಕೆ? ಬೇಕಾಗಿದ್ದದ್ದು ಕರೆಂಟು, ಅದೂ ಈ ಭಾಷಣಕ್ಕೆ. ಇಲ್ಲಿ ಶಾಲು ಹೊದ್ದವರು ಇವರೊಬ್ಬರೇ. ಹೆತ್ತ ಮಗಳಿಗೂ ಚಪ್ಪಾಳೆ ತಟ್ಟಲಿಲ್ಲ ಅಂದ್ರೆ, ಆ ಕೈಲಿ ಏನೋ ಇರಲೇಬೇಕಲ್ಲ?"

"ಕೇಸು?" ಅಮ್ಮ ಹೆದರಿ ಕೇಳಿದರು.

"ಮರಿ ಬಂದು ದೂರು ಕೊಟ್ರೆ ನೋಡೋಣ."

ಮೇಷ್ಟ್ರು ಮೊಟ್ಟೆ ಇಸಿದುಕೊಂಡು ಕಿವಿಗಿಟ್ಟರು. ಒಳಗಿಂದ ಕ್ಷೀಣವಾಗಿ ಚಿಂವ್ ಅಂದಿತು. ಅವರು ಪೆಟ್ಟಿಗೆಯತ್ತ ಧಾವಿಸಿದರು, ಮಕ್ಕಳ ದಂಡು ಕೂಗುತ್ತಾ ಹಿಂದೆ ಓಡಿತು.

ಸಭಾಂಗಣ ಖಾಲಿಯಾಯಿತು. ಮಗಳು ತಾಯಿಯ ಪಕ್ಕ ಕೂತಳು.

"ನನ್ನ ಭಾಷಣ ಹೇಗಿತ್ತಮ್ಮಾ?"

"ಸುಳ್ಳು ಯಾಕೆ ಹೇಳ್ಲಿ? ಆ ಮರಿ ಒಳಗೆ ಕುಟ್ಟೋದರ ಮೇಲೇ ನನ್ನ ಗಮನ. ನಿಂದು ಒಂದಕ್ಷರ ತಲೆಗೆ ಹತ್ಲಿಲ್ಲ."

ಮಗಳು ಕಣ್ಣೊರೆಸಿಕೊಂಡು ನಕ್ಕಳು. ಆ ಬೆಚ್ಚನೆಯ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೊದಲಿನಿಂದ ಶುರುಮಾಡಿದಳು.

"ಮೋಡದ ಒಳಗೆ ಏನಾಗುತ್ತೆ ಗೊತ್ತಾ ಅಮ್ಮಾ..."